ಮರಿ ರಿಜಿಸ್ಟರಿನ ರಟ್ಟು ಬಿಚ್ಚಿದ್ದು

ರಟ್ಟು ಮಾಡುವುದಕ್ಕೆ ಹಳೆಯ ಕಾಗದವೇ ಆಗಬೇಕು. ಹೊಸ ಕಾಗದ ಅಂಟನ್ನು ಕುಡಿಯುವುದಿಲ್ಲ, ಒಣಗಿದ ಮೇಲೆ ಪದರ ಬಿಟ್ಟು ಏಳುತ್ತದೆ. ವರ್ಷಗಟ್ಟಲೆ ಗಾಳಿ ಕಂಡ, ಒಂದೇ ಕಡೆ ಬರೆದ, ದಪ್ಪ ಕಾಗದ ಸಿಕ್ಕರೆ ಬೈಂಡಿಂಗ್ ಮಾಡುವವರಿಗೆ ಅದಕ್ಕಿಂತ ಬೇರೆ ಬೇಡ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಹಾಳೆಯ ಮೇಲೆ ಹಾಳೆ ಹದಿನಾರು ಪದರ ಅಂಟಿಸಿ, ತಿರುಪಿನ ಪ್ರೆಸ್ಸಿನಲ್ಲಿ ಅದುಮಿ, ನೆರಳಲ್ಲಿ ಒಂದು ವಾರ ಒಣಗಿಸಿದರೆ ಮರದ ಹಲಗೆಯಂಥ ರಟ್ಟು ಆಗುತ್ತದೆ. ಇದನ್ನು ನನಗೆ ಕಲಿಸಿದವರು ನನಗಿಂತ ಮುಂಚೆ ಫಾರಂ ಆಫೀಸಿನಲ್ಲಿದ್ದ ಮುದುಕರು. ಕಾಗದದಲ್ಲಿ ಏನು ಬರೆದಿದೆ ಅಂತ ನೋಡಬೇಕು ಎಂದು ಮಾತ್ರ ಅವರು ಕಲಿಸಲಿಲ್ಲ. ನೋಡಿದ್ದರೂ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸು ಓದಿದವಳು.

ಮಕ್ಕಳೇ, ಯಲಹಂಕದಿಂದ ಜಕ್ಕೂರಿನ ಕಡೆಗೆ ಹೋಗುವಾಗ ನಿಮಗೆ ಈಗ ಬರೀ ಅಪಾರ್ಟ್‌ಮೆಂಟು ಕಾಣುತ್ತದೆ. ಆಗ ಅಲ್ಲಿ ಒಂದು ಕುದುರೆ ಫಾರಂ ಇತ್ತು. ರೇಸಿಗೆ ಹೋಗುವ ಕುದುರೆಗಳು ಹುಟ್ಟುವ ಜಾಗ. ನಿಮ್ಮ ತಾತ ಅಲ್ಲಿ ಕುದುರೆಗಳ ಗೊರಸು ಕತ್ತರಿಸುತ್ತಿದ್ದರು. ಒಂದು ಬೆಳಿಗ್ಗೆ ಹೆಣ್ಣುಕುದುರೆಯೊಂದು ಅವರ ಹೊಟ್ಟೆಗೆ ಒದೆಯಿತು. ಎದ್ದು ನಿಂತು ನಕ್ಕರಂತೆ, ನೀರು ಕುಡಿದರಂತೆ, ಉಳಿದ ಎರಡು ಕುದುರೆಗಳ ಗೊರಸನ್ನೂ ಮುಗಿಸಿ ನಡೆದುಕೊಂಡೇ ಮನೆಗೆ ಬಂದರು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ಎಪ್ಪತ್ತರ ದಶಕದ ನಡುವಿನ ಮಾತು. ಫಾರಂನವರು ನನಗೆ ಬೈಂಡಿಂಗ್ ಕೆಲಸವನ್ನೂ ಒಂದು ಕೋಣೆಯ ಮನೆಯನ್ನೂ ಕೊಟ್ಟರು.

ಒದೆ ಬಿದ್ದ ಹೊತ್ತಿನಲ್ಲಿ ಆ ಕುದುರೆಯ ಹಗ್ಗ ಹಿಡಿದಿದ್ದವರು ಒಬ್ಬರು ಸಾಬರು, ಲಾಯದ ಹಳೆಯ ಆಳು. ಅವರು ಪ್ರತಿ ಚಳಿಗಾಲದಲ್ಲೂ ಟವೆಲಿನಲ್ಲಿ ಸೀಬೆಹಣ್ಣು ಕಟ್ಟಿ ತಂದು ನಮ್ಮ ಆಫೀಸಿನ ಕಿಟಕಿಯ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ಧಾರವಾಡ ಕಡೆಯ ಟೈಪಿಸ್ಟ್ ಹುಡುಗಿಯೊಬ್ಬಳು ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ಹಣ್ಣೆಲ್ಲ ಅವಳಿಗೇ. "ಪೇರಲ ಹಣ್ಣು ಬಂದಾವ ನೋಡ್ರಿ ಅಕ್ಕಾ, ನೀವಂತೂ ಮುಟ್ಟಂಗಿಲ್ಲ, ನಾ ಯಾಕ ಬಿಡ್ಲಿ" ಅಂತ ಕಚ್ಚಿ ತಿನ್ನುತ್ತಾ ಟೈಪ್ ಮಾಡುತ್ತಿದ್ದಳು. ಯಾಕೆ ಮುಟ್ಟುವುದಿಲ್ಲ ಅಂತ ಅವಳು ಒಮ್ಮೆ ಕೇಳಿದಳು. ನಾನು ಅಂಟು ಕಲಕುತ್ತಿದ್ದೆ, ಕಲಕುತ್ತಲೇ ಇದ್ದೆ.

ಎಂಬತ್ತರ ದಶಕ ಶುರುವಾಗಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಮ್ಯಾನೇಜರು ಒಬ್ಬ ಬಿಳಿ ಹೆಂಗಸನ್ನು ನಮ್ಮ ಕೋಣೆಗೆ ಕರೆದುಕೊಂಡು ಬಂದರು. ಐವತ್ತರ ಹತ್ತಿರ ವಯಸ್ಸು, ಬಟ್ಟೆಯ ಟೋಪಿ, ಕೈಯಲ್ಲಿ ದಪ್ಪ ನೋಟುಪುಸ್ತಕ. ಆಸ್ಟ್ರೇಲಿಯಾದಿಂದ ಬಂದಿದ್ದರು. ಅವರ ತಾತ ಹಿಂದೆ ಆಸ್ಟ್ರೇಲಿಯಾದ ಕುದುರೆಗಳ ಜೊತೆ ಹಡಗಿನಲ್ಲಿ ಮದ್ರಾಸಿಗೆ ಬಂದು, ಈ ಫಾರಂನಲ್ಲಿ ಕುದುರೆ ಪಳಗಿಸುವ ಕೆಲಸಕ್ಕೆ ನಿಂತು, ಇಲ್ಲಿಯೇ ತೀರಿಕೊಂಡವರು. ಆದರೆ ಆಕೆ ಹುಡುಕುತ್ತಿದ್ದದ್ದು ಕುದುರೆಯ ಸಂಗತಿಯಲ್ಲ, ತಾತ ಅದಕ್ಕೂ ಮುಂಚೆ ಆಡುತ್ತಿದ್ದ ಫುಟ್‌ಬಾಲನ್ನು.

ಟೈಪಿಸ್ಟ್ ನನಗೆ ಅದನ್ನು ಕನ್ನಡದಲ್ಲಿ ಹೇಳಿದಳು. ಅದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಆಕಾರ, ಮೈದಾನವೂ ಅದೇ ಆಕಾರ. ಕಾಲಿನಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು. ಮೇಲಿಂದ ಬರುವ ಚೆಂಡನ್ನು ಹಿಡಿಯಲು ಮುಂದಿರುವವನ ಬೆನ್ನಿನ ಮೇಲೆ ಮಂಡಿಯೂರಿ ಹಾರಿದರೂ ತಪ್ಪಿಲ್ಲ, ಅದನ್ನೇ ಜನ ಹೆಚ್ಚು ಮೆಚ್ಚುತ್ತಾರಂತೆ. ಆ ತಾತ ಹಾಗೆ ಹಾರುವುದಕ್ಕೆ ಹೆಸರಾಗಿದ್ದರು. ಆಕೆಯ ನೋಟುಪುಸ್ತಕದಲ್ಲಿ ಅವರು ಆಡಿದ ಪಂದ್ಯಗಳ ಪಟ್ಟಿ ಇತ್ತು, ಹಳೆಯ ಪತ್ರಿಕೆಗಳಿಂದ ಒಂದೊಂದಾಗಿ ಬರೆದುಕೊಂಡದ್ದು. ಮೊದಲ ಎರಡು ವರ್ಷ ಸಾಲು ತುಂಬಿತ್ತು. ಮೂರನೆಯ ವರ್ಷದ ಅರ್ಧಕ್ಕೆ ಹೆಸರು ನಿಂತುಹೋಗಿತ್ತು. ಆಮೇಲೆ ಆ ಮನುಷ್ಯ ಎಳೆ ಮಗನನ್ನೂ ಹೆಂಡತಿಯನ್ನೂ ಬಿಟ್ಟು ಕುದುರೆಗಳ ಜೊತೆ ಹಡಗು ಹತ್ತಿದ್ದರು. ಅವರಿಲ್ಲದೆ ತಂಡ ಸೋತಿತು. ಊರಿನವರು ಹೇಡಿ ಅಂದರು. ಬಿಟ್ಟು ಬಂದ ಮಗ ಶಾಲೆಯಲ್ಲಿ ಹೇಡಿಯ ಮಗನಾದ. ಆ ಮಗನೇ ಈ ಹೆಂಗಸಿನ ತಂದೆ. ಈಗ ಹಾಸಿಗೆ ಹಿಡಿದಿದ್ದಾರೆ, ತನ್ನಪ್ಪ ಯಾಕೆ ಓಡಿದ ಅನ್ನುವುದೊಂದನ್ನು ತಿಳಿದುಕೊಂಡು ಬಾ ಅಂತ ಮಗಳನ್ನು ಕಳಿಸಿದ್ದಾರೆ.

ಆಕೆಯ ಹತ್ತಿರ ಹಳೆಯ ಕಾಗದವೊಂದಿತ್ತು. ತಾತ ಸತ್ತಾಗ ಅಂದಿನ ಮ್ಯಾನೇಜರು ಬರೆದದ್ದು. ಅವರ ಸಾಮಾನು ಹಸಿರು ತಗಡಿನ ಟ್ರಂಕಿನಲ್ಲಿದೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಅಕ್ಷರವಿದೆ, ಮನೆಯವರು ಕೇಳುವ ತನಕ ಇಟ್ಟಿರುತ್ತೇವೆ ಅಂತ. ಮನೆಯವರು ಯಾರೂ ಕೇಳಿರಲಿಲ್ಲ.

ಟೈಪಿಸ್ಟ್ "ಹಸಿರು ಟ್ರಂಕು" ಅಂದಾಗ ನನ್ನ ಕೈ ಅಂಟಿನಲ್ಲೇ ಇತ್ತು. ತೆಗೆಯುವುದೇ ಮರೆತುಹೋಯಿತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸ್ಟೋರು ಖಾಲಿ ಮಾಡುವಾಗ ಆ ಟ್ರಂಕನ್ನು ನನ್ನ ಮುಂದೆ ತಂದಿಟ್ಟಿದ್ದರು. ಬಟ್ಟೆ ಗೆದ್ದಲು ಹಿಡಿದಿತ್ತು. ಕೆಳಗೆ ಚರ್ಮದ ಪಟ್ಟಿಯಲ್ಲಿ ಕಟ್ಟಿದ ಲಕೋಟೆಗಳ ಕಟ್ಟು ಮಾತ್ರ ಹೊಸದರಂತೆ ಇತ್ತು. ಒಳ್ಳೆಯ ಕಾಗದ ಕಣಮ್ಮ, ರಟ್ಟಿಗೆ ತಗೋ ಅಂತ ಇದೇ ಮ್ಯಾನೇಜರು ಅಂದಿದ್ದರು. ಲಕೋಟೆಗಳೆಲ್ಲ ಅಂಟಿಸಿದ ಹಾಗೇ ಇದ್ದವು, ಒಂದನ್ನೂ ಯಾರೂ ಒಡೆದಿರಲಿಲ್ಲ. ಪ್ರತಿಯೊಂದರ ಮೇಲೂ ಯಾರೋ ವಿಳಾಸಕ್ಕೆ ಅಡ್ಡಗೆರೆ ಎಳೆದು ಏನೋ ಗೀಚಿದ್ದರು. ಕಾಗದ ಮಡಿಸುವ ಮೂಳೆಯ ಪಟ್ಟಿಯಿಂದ ಒಂದೊಂದನ್ನೇ ಸೀಳಿ, ಒಳಗಿನ ಹಾಳೆಗಳನ್ನು ಮಡಿಕೆ ಬಿಡಿಸಿ ನೀವಿ, ಪೇರಿಸಿಟ್ಟುಕೊಂಡವಳು ನಾನು. ಹಿಂದೆ ಖಾಲಿ ಇರುವ ಒಳ್ಳೆಯ ಹಾಳೆಗಳು ಸಿಕ್ಕಿದವು ಅಂತ ಆ ದಿನ ಖುಷಿಪಟ್ಟಿದ್ದು ನೆನಪಿದೆ.

ನಾನು ಬಾಯಿ ಬಿಡಲಿಲ್ಲ. ಮ್ಯಾನೇಜರು ನನ್ನನ್ನು ಆಚೆ ಕರೆದು, "ನಲವತ್ತು ವರ್ಷದ ಟ್ರಂಕು ಎಲ್ಲಿರುತ್ತೆ ಕಣಮ್ಮ. ಸ್ಟೋರ್ ತೋರ್ಸು, ಎರಡು ದಿನ ಧೂಳು ಕುಡೀಲಿ, ಆಮೇಲೆ ಅವರೇ ಹೋಗ್ತಾರೆ" ಅಂದರು. ನಾನು ಸ್ಟೋರಿನ ಬೀಗ ತೆಗೆದುಕೊಟ್ಟೆ. ಮೂರು ದಿನ ಆಕೆ ಅಲ್ಲಿ ಹುಡುಕಿದರು. ಮುರಿದ ಜೀನು, ಹಳೇ ಲಗಾಮು, ಹುಲ್ಲಿನ ಚೀಟಿಗಳು, ಎಲ್ಲವನ್ನೂ ಎತ್ತಿ ನೋಡಿ ಅದೇ ಜಾಗದಲ್ಲಿ ಇಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಇಲ್ಲದ ಕಡೆ ಹುಡುಕುವವರಿಗೆ ದೀಪ ಹಿಡಿಯುತ್ತಿದ್ದೆ. ಸುಳ್ಳು ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲಸ ಹೋದರೆ ಮನೆ ಹೋಗುತ್ತದೆ, ನಿಮ್ಮ ಅಮ್ಮ ಆಗ ಹೈಸ್ಕೂಲಿನಲ್ಲಿದ್ದಳು.

ಮೂರನೆಯ ದಿನ ಲಾಯದ ಸಾಬರನ್ನು ಕರೆಸಿದರು. ಕುದುರೆ ಪಳಗಿಸುತ್ತಿದ್ದ ಆ ದೊರೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವರು ಅವರೊಬ್ಬರೇ. ಅವರು ನನ್ನ ಕಡೆ ನೋಡದೆ ಟೈಪಿಸ್ಟಿಗೆ ಹೇಳಿದರು: "ಚೆಂಡು ಇತ್ತಮ್ಮಾ, ಜೀನಿನ ಕೋಣೇಲಿ ಮೊಳೆಗೆ ತಗುಲಾಕಿದ್ರು. ಮೊಟ್ಟೆ ಥರ. ನಮಗೆ ಹಾತ್ ನಕ್ಕೋ ಲಗಾವ್, ಮುಟ್ಬೇಡಿ ಅನ್ನೋರು. ತಾವೂ ಒಂದು ದಿನ ಒದ್ದೋರಲ್ಲ. ತಿಂಗಳಿಗೊಂದು ಸಾರಿ ಇಳಿಸಿ ಎಣ್ಣೆ ಹಚ್ಚಿ ಮತ್ತೆ ಅಲ್ಲೇ ಹಾಕೋರು." ಆ ಹೆಂಗಸು ಎದ್ದು ಜೀನಿನ ಕೋಣೆಗೆ ಹೋಗಿ ಆ ಮೊಳೆಯನ್ನು ಮುಟ್ಟಿ ಬಂದರು. ಚೆಂಡು ಯಾವ ಕಾಲದಲ್ಲೋ ಇಲಿಗಳ ಪಾಲಾಗಿತ್ತು.

ಹೊರಡುವ ಮುಂಚೆ ಆಕೆ ನನಗೆ ಒಂದು ಫೋಟೋ ತೋರಿಸಿದರು. ತೆಳ್ಳನೆಯ ಯುವಕ ಗಾಳಿಯಲ್ಲಿದ್ದಾನೆ, ಒಂದು ಮಂಡಿ ಇನ್ನೊಬ್ಬನ ಹೆಗಲ ಮೇಲಿದೆ, ಎರಡು ಕೈಯೂ ಚೆಂಡಿನ ಕಡೆಗೆ. ಮೂರು ದಿನ ದೀಪ ಹಿಡಿದದ್ದಕ್ಕೆ ನನಗೆ ಥ್ಯಾಂಕ್ಸ್ ಹೇಳಿದರು. ಆ ಮಾತನ್ನು ನನಗೆ ಅರಗಿಸಿಕೊಳ್ಳಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆ ಮ್ಯಾನೇಜರಿಗೆ ಹೇಳಿ ಹೋಗಲು ಬಂದಾಗ ನಾನು ಟೈಪಿಸ್ಟಿನ ಮೇಜಿನ ಮುಂದೆ ನಿಂತೆ.

"ಆ ಟ್ರಂಕಿನ ಕಾಗದ ಎಲ್ಲಾ ನಾನೇ ರಟ್ಟಿಗೆ ಆಕ್ಬುಟ್ಟೆ ಕಣಮ್ಮಾ. ಅಂಗಂತ ಅವ್ರಿಗೆ ಏಳು."

ಟೈಪಿಸ್ಟ್ ನನ್ನ ಮುಖ ನೋಡಿದಳು. "ಅಕ್ಕಾ, ಇದನ್ನ ನಾ ಹ್ಯಾಂಗ ಹೇಳ್ಲಿ" ಅಂದಳು. ಆಮೇಲೆ ಹೇಳಿದಳು. ಆಕೆ ಬೈಯಲಿಲ್ಲ. ಒಂದೇ ಮಾತು ಕೇಳಿದರು: ಎಲ್ಲಿ? ನಾನು ಮ್ಯಾನೇಜರ ಬೆನ್ನ ಹಿಂದಿನ ಕಪಾಟು ತೋರಿಸಿದೆ. ಅಲ್ಲಿ ಮರಿ ರಿಜಿಸ್ಟರುಗಳಿದ್ದವು. ಆ ವರ್ಷ ನಾನು ಮಾಡಿದ ರಟ್ಟುಗಳು ಮೂರು ರಿಜಿಸ್ಟರುಗಳಿಗೆ ಹೋಗಿದ್ದವು, ಒಟ್ಟು ಆರು ರಟ್ಟು. ಮೂರೂ ಇನ್ನೂ ದಿನಾ ಬಳಕೆಯಲ್ಲಿದ್ದವು.

ಮರಿ ರಿಜಿಸ್ಟರು ಅಂದರೆ ಫಾರಂನ ಪ್ರಾಣ. ಯಾವ ಮರಿಗೆ ಯಾವ ತಾಯಿ, ಯಾವ ತಂದೆ, ಹಣೆಯ ಚುಕ್ಕೆ ಎಲ್ಲಿ, ಕಾಲಿನ ಬಿಳುಪು ಎಷ್ಟು, ಎಲ್ಲ ಅದರಲ್ಲೇ. ಅದು ಹರಿದರೆ ಮರಿಗೆ ಕುಲ ಇಲ್ಲ, ರೇಸಿಗೆ ಬಿಡುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅದನ್ನು ಪರೀಕ್ಷೆ ಮಾಡಲು ಅಧಿಕಾರಿ ಬರುವುದಿತ್ತು. ಮ್ಯಾನೇಜರು ಕೂತಲ್ಲೇ ಕೆಂಪಾದರು. ಟ್ರಂಕನ್ನು ನನಗೆ ಕೊಡಿಸಿದವರು ಅವರೇ ಅನ್ನುವುದು ಅವರಿಗೂ ಆಗ ನೆನಪಾಗಿರಬೇಕು. ಆಗುವುದೇ ಇಲ್ಲ ಅಂದರು. ನಾನು ಅವರ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಒಳಗಿನ ಆಳೆ ಮುಟ್ಟಲ್ಲ ಸಾರ್. ರಟ್ಟು ಮಾತ್ರ ಬಿಚ್ತೀನಿ. ಸಂಕ್ರಾಂತಿಗೆ ಮುಂಚೆ ಬೇರೆ ರಟ್ಟು ಆಕಿ ಇದೇ ಕಪಾಟಲ್ಲಿ ಇಡ್ತೀನಿ."

"ಒಂದು ಹಾಳೆ ಹರಿದ್ರೂ ನೀನು ಮನೆ ಖಾಲಿ ಮಾಡ್ಬೇಕಾಗುತ್ತೆ. ತಿಳ್ಕೊಂಡು ಮಾಡು."

ತಿಳಿದುಕೊಂಡೇ ಮಾಡಿದೆ. ಮೊದಲು ರಿಜಿಸ್ಟರಿನ ಬೆನ್ನಿನ ಕ್ಯಾಲಿಕೋ ಬಟ್ಟೆಯನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳಿ, ಹೊಲಿಗೆ ಮುಟ್ಟದಂತೆ ರಟ್ಟು ಬೇರೆ ಮಾಡಿದೆ. ಒಳಗಿನ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಮ್ಯಾನೇಜರ ಬೀರುವಿನಲ್ಲಿ ಇಡಿಸಿದೆ. ರಟ್ಟಿನ ಮೇಲಿನ ಚರ್ಮ, ಬಟ್ಟೆ ಕಿತ್ತೆ. ಕುದುರೆಗೆ ಹುರುಳಿ ಬೇಯಿಸುವ ಅಗಲ ಬೋಗುಣಿಯಲ್ಲಿ ಬಿಸಿನೀರು ಹಾಕಿ ಮೊದಲ ರಟ್ಟನ್ನು ಇಳಿಸಿದೆ.

ಅಲ್ಲಿ ತಪ್ಪಿದೆ. ಮೈದಾ ಬೇಗ ಬಿಡಲಿ ಅಂತ ನೀರು ಹೆಚ್ಚು ಬಿಸಿ ಮಾಡಿದ್ದೆ. ನೋಡನೋಡುತ್ತಿದ್ದ ಹಾಗೆ ನೀರು ನೇರಳೆ ಬಣ್ಣಕ್ಕೆ ತಿರುಗಿತು. ಆ ದೊರೆ ಕೊನೆಕೊನೆಯ ಕಾಗದಗಳನ್ನು ಆ ಕಾಲದ ನೇರಳೆ ಪೆನ್ಸಿಲಿನಲ್ಲಿ ಬರೆದಿದ್ದರು, ಅದು ಒದ್ದೆಯಾದರೆ ಬಿಟ್ಟುಕೊಳ್ಳುತ್ತದೆ. ಪದರ ಎತ್ತಿದರೆ ಹಾಳೆ ಬಂತು, ಅಕ್ಷರ ಬರಲಿಲ್ಲ. ಐದಾರು ಕಾಗದಗಳು ನನ್ನ ಕಣ್ಣೆದುರೇ ನೀರಾದವು. ಆಕೆ ಬೋಗುಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನ ಎರಡೂ ಕೈ ಮೊಣಕೈ ತನಕ ನೇರಳೆಯಾಗಿತ್ತು, ಎರಡು ವಾರ ಹೋಗಲಿಲ್ಲ. ಮೊದಲ ಸಲ ಆ ಮಾತುಗಳನ್ನು ಅಂಟಿನಲ್ಲಿ ಹೂತಿದ್ದೆ, ಎರಡನೆಯ ಸಲ ತೊಳೆದೇ ಬಿಟ್ಟೆ.

ಉಳಿದ ಐದು ರಟ್ಟು ಮುಟ್ಟಲು ಧೈರ್ಯ ಬರಲಿಲ್ಲ. ಮಧ್ಯಾಹ್ನ ಕಿಟಕಿಯ ಮೇಲೆ ಏನೋ ಇಟ್ಟ ಸದ್ದಾಯಿತು. ಸೀಬೆಹಣ್ಣಲ್ಲ, ದಪ್ಪ ಉಣ್ಣೆಯ ಪಟ್ಟಿಗಳು. ಊದಿದ ಕುದುರೆ ಕಾಲಿಗೆ ಒದ್ದೆ ಮಾಡಿ ಸುತ್ತುವಂಥವು. ಸಾಬರು ಹೊರಗಿನಿಂದಲೇ ಟೈಪಿಸ್ಟಿಗೆ ಹೇಳುತ್ತಿದ್ದರು, ನೀರಲ್ಲಿ ಮುಳುಗಿಸಬೇಡಿ, ಹಿಂಡಿ ಸುತ್ತಿ ಬಿಡಿ, ತೇವ ತಾನಾಗಿ ಒಳಗೆ ಇಳಿಯುತ್ತೆ ಅಂತ. ಹೇಳಿ ಹೊರಟುಹೋದರು.

ಹಾಗೇ ಮಾಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಬಲವಾಗಿ ಹಿಂಡಿದ ಪಟ್ಟಿಗಳನ್ನು ರಟ್ಟಿಗೆ ಸುತ್ತಿ, ಬೆಳಿಗ್ಗೆಯಿಂದ ಸಂಜೆಯವರೆಗೆ ನೆರಳಲ್ಲಿಟ್ಟೆ. ಮೂರು ಸಲ ಪಟ್ಟಿ ಬದಲಾಯಿಸಿದೆ. ಅಂಚಿನ ಪದರ ತಾನಾಗಿ ಬಾಯಿ ಬಿಟ್ಟಿತು. ಬಿದಿರಿನ ಸೀಳನ್ನು ಮಧ್ಯೆ ತೂರಿಸಿ, ಉಸಿರು ಹಿಡಿದು, ಒಂದು ಹಾಳೆ ಎತ್ತಿದೆ. ಅದು ಹುಲ್ಲಿನ ಲೆಕ್ಕ. ಇನ್ನೊಂದು, ಅದೂ ಹುಲ್ಲಿನ ಲೆಕ್ಕ. ಮೂರನೆಯದು ಓರೆ ಅಕ್ಷರದ, ಕಪ್ಪು ಶಾಯಿಯ ಕಾಗದ. ಮೈಲುತುತ್ತದಿಂದ ಹಾಳೆ ಹಸಿರುಗಟ್ಟಿತ್ತು, ಆದರೆ ಶಾಯಿ ಕದಲಿರಲಿಲ್ಲ. ಹಳೇ ಪಂಚೆಯ ಮೇಲೆ ಮೆಲ್ಲಗೆ ಮಲಗಿಸಿದೆ. ಎಂಟು ದಿನದ ಕೆಲಸದಲ್ಲಿ ಹದಿನೈದು ಕಾಗದ ಹೊರಗೆ ಬಂದವು, ಕೆಲವು ತುಂಡಾಗಿ. ತಂತಿಯ ಮೇಲೆ ಸಾಲಾಗಿ ಒಣಗಲು ಹಾಕಿದ್ದೆವು. ಜಕ್ಕೂರಿನ ತರಬೇತಿ ವಿಮಾನ ತಲೆಯ ಮೇಲೆ ಹೋದಾಗೆಲ್ಲ ಹಾಳೆಗಳು ಅಲುಗಾಡುತ್ತಿದ್ದವು.

ಎಲ್ಲದಕ್ಕಿಂತ ಹಳೆಯದನ್ನು ಆಕೆ ಹುಡುಕಿ ತೆಗೆದರು. ಕೂತು ಓದಲು ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿ, ಟೈಪಿಸ್ಟಿನ ಕೈಗೆ ಕೊಟ್ಟರು. ಇವರಿಗೆ ಹೇಳು ಅಂತ ನನ್ನ ಕಡೆ ತೋರಿಸಿದರು. ಟೈಪಿಸ್ಟ್ ನಿಧಾನವಾಗಿ, ತನ್ನ ಧಾರವಾಡದ ಮಾತಿನಲ್ಲಿ, ಒಂದೊಂದು ಸಾಲು ಹೇಳಿದಳು.

ಕಾಗದ ಬರೆದಿದ್ದು ಒಬ್ಬ ತಾಯಿಗೆ. ಎದುರು ತಂಡದ ಆಟಗಾರನೊಬ್ಬನ ತಾಯಿಗೆ, ಹೀಗೆ: ಆ ಶನಿವಾರ ನಾನು ಚೆಂಡಿಗಾಗಿ ಹಾರಿದೆ, ನನ್ನ ಮಂಡಿ ನಿಮ್ಮ ಮಗನ ಕುತ್ತಿಗೆಯ ಹಿಂದೆ ಬಡಿಯಿತು. ಆ ಸದ್ದು ನನಗೆ ಕೇಳಿಸಿತು. ಅವನು ಎದ್ದು ನಕ್ಕ, ನೀರು ಕುಡಿದ, ಆಟ ಮುಗಿಯುವ ತನಕ ಆಡಿದ. ಮೂರನೆಯ ದಿನ ಸತ್ತ. ಜ್ವರ ಅಂತ ಪತ್ರಿಕೆಯಲ್ಲಿ ಬಂತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಂಥ ಹಾರು ಹಾರಿದೆ ಅಂತ ಜನ ಬೆನ್ನು ತಟ್ಟಿದರು. ನೀವು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಿರಿ. ಅದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮನೆಯ ಬಾಗಿಲಿಗೆ ಎರಡು ಸಲ ಬಂದೆ, ತಟ್ಟಲಾರದೆ ಹಿಂದಿರುಗಿದೆ.

ಟೈಪಿಸ್ಟ್ ಅಲ್ಲಿಗೆ ನಿಲ್ಲಿಸಿ ನೀರು ಕುಡಿದಳು. ನನಗೆ ಅವಳ ಕೈಯ ಲೋಟ ಮಾತ್ರ ಕಾಣುತ್ತಿತ್ತು. ಎದ್ದು ನಕ್ಕ, ನೀರು ಕುಡಿದ. ಈ ಮಾತನ್ನು ನಾನು ಮುಂಚೆ ಕೇಳಿದ್ದೆ. ನಿಮ್ಮ ತಾತನ ಹೆಣದ ಮುಂದೆ ಕೂತಿದ್ದಾಗ ಲಾಯದವರೆಲ್ಲ ನನಗೆ ಹೇಳಿದ್ದು ಇದನ್ನೇ.

ಉಳಿದವೂ ಆ ತಾಯಿಗೇ. ವರ್ಷಕ್ಕೊಂದು. ಕೆಲವು ನಾಲ್ಕೇ ಸಾಲು. ಈ ವರ್ಷ ಇಂಥ ಕುದುರೆ ಮರಿ ಹಾಕಿತು, ಮಳೆ ಚೆನ್ನಾಗಿ ಬಂತು, ನಿಮ್ಮ ಮಗನಿಗೆ ಈಗ ಇಷ್ಟು ವಯಸ್ಸಾಗಿರುತ್ತಿತ್ತು. ಎಲ್ಲವನ್ನೂ ಆ ತಾಯಿ ಒಡೆಯದೆ ಹಿಂದಕ್ಕೆ ಕಳಿಸಿದ್ದರು. ಲಕೋಟೆಯ ಮೇಲಿನ ಗೀಚು ಅದು, ಬೇಡ ಅಂತ. ಹಿಂದಕ್ಕೆ ಬಂದದ್ದನ್ನೆಲ್ಲ ಈ ಮನುಷ್ಯ ಚರ್ಮದ ಪಟ್ಟಿಯಲ್ಲಿ ಕಟ್ಟಿಟ್ಟು, ಮುಂದಿನ ವರ್ಷ ಮತ್ತೆ ಬರೆದಿದ್ದರು.

ಆ ಹೆಂಗಸು ಟೈಪಿಸ್ಟಿನ ಮೂಲಕ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನೀವು ತೆಗೆದಾಗ ಎಲ್ಲ ಲಕೋಟೆಯೂ ಮುಚ್ಚಿಯೇ ಇದ್ದವೇ? ಹೌದು, ಎಲ್ಲವೂ ಅಂದೆ. ಆಕೆ ಎದ್ದು ತಂತಿಯ ಮೇಲಿನ ಹಾಳೆಯೊಂದರ ಮಡಿಕೆ ನೀವಿದರು. ತನ್ನ ತಂದೆ ಎಪ್ಪತ್ತು ವರ್ಷ ಹೇಡಿಯ ಮಗನಾಗಿ ಬದುಕಿದ್ದಾರೆ, ಈಗ ಹೋಗಿ ಅವರಿಗೆ ಇದನ್ನು ಹೇಳಬೇಕು, ಹೇಳಿದರೆ ನೋವು ಕಡಿಮೆಯಾಗುತ್ತದೋ ಹೆಚ್ಚಾಗುತ್ತದೋ ಗೊತ್ತಿಲ್ಲ ಅಂದರು. ನೋಟುಪುಸ್ತಕ ತೆಗೆದು, ಪಟ್ಟಿಯಲ್ಲಿ ಹೆಸರು ನಿಂತುಹೋದ ಸಾಲಿನ ಮುಂದೆ ಆ ಸತ್ತ ಹುಡುಗನ ಹೆಸರು ಬರೆದುಕೊಂಡರು. ಕಾಗದಗಳನ್ನು ನಾನು ಎರಡು ಹಲಗೆಯ ನಡುವೆ ಕಟ್ಟಿಕೊಟ್ಟೆ. ಹೋಗುವಾಗ ನನ್ನ ನೇರಳೆ ಕೈಗಳನ್ನು ಹಿಡಿದುಕೊಂಡರು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಮೂರು ರಿಜಿಸ್ಟರೂ ಕಪಾಟಿಗೆ ಹೋದವು, ಈ ಸಲ ಚಿಕ್ಕಪೇಟೆಯಿಂದ ತರಿಸಿದ ಮಿಲ್ಲಿನ ರಟ್ಟು. ಅಧಿಕಾರಿ ಬಂದು ನೋಡಿ ಸಹಿ ಹಾಕಿದರು. ಬೈಂಡಿಂಗ್ ಹೊಸದಾ ಅಂತ ಕೂಡ ಕೇಳಲಿಲ್ಲ. ಮ್ಯಾನೇಜರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನು ಮಾತ್ರ ಆಮೇಲೆ ಬರೆದ ಕಾಗದವನ್ನು ರಟ್ಟಿಗೆ ಹಾಕಿದವಳಲ್ಲ.

ಅದೇ ವಾರ ಕಿಟಕಿಯ ಮೇಲೆ ಟವೆಲಿನ ಗಂಟು ಕಂಡಿತು. ಟೈಪಿಸ್ಟ್ ಕೈ ಚಾಚಿದಳು. ನಾನು ಅವಳಿಗಿಂತ ಮುಂಚೆ ಎದ್ದು ಬಾಗಿಲಿಗೆ ಹೋದೆ. ಅವರು ಆಗಲೇ ಲಾಯದ ಕಡೆ ಅರ್ಧ ದಾರಿ ನಡೆದಿದ್ದರು. ಹಿಂದೆ ನಡೆದುಕೊಂಡು ಹೋದೆ. ಹೆಜ್ಜೆಯ ಸದ್ದಿಗೆ ತಿರುಗಿದರು.

"ಸಾಬ್ರೇ, ಒಳಗ್ ಬನ್ನಿ. ಆವತ್ತು ಏನಾಯ್ತು ಅಂತ ಏಳಿ, ಕೇಳ್ತೀನಿ."

ಅವರು ಚಪ್ಪಲಿ ಬಿಟ್ಟು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಕೂರಲು ಹೇಳಿದರೂ ಮೊದಲು ಕೂರಲಿಲ್ಲ. ಮೇಲೆ ವಿಮಾನ ಹೋಯಿತಂತೆ, ಕುದುರೆ ಬೆಚ್ಚಿತಂತೆ, ಒಂದು ಕ್ಷಣ ಅವರೂ ತಲೆಯೆತ್ತಿ ನೋಡಿದರಂತೆ. ಅಷ್ಟೇ. ಅಷ್ಟು ಹೇಳುವುದಕ್ಕೆ ಅವರಿಗೆ ಅರ್ಧ ಗಂಟೆ ಬೇಕಾಯಿತು. ನಾನು ಕಾಗದ ಕತ್ತರಿಸುವ ಚಾಕುವನ್ನು ಸೆರಗಿನಲ್ಲಿ ಒರೆಸಿ ಒಂದು ಸೀಬೆಹಣ್ಣನ್ನು ಮೂರು ಹೋಳು ಮಾಡಿದೆ.

ನೀವು ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಕೋಲೂರಿಕೊಂಡು ನಮ್ಮ ಮನೆಗೆ ಬರುತ್ತಿದ್ದರಲ್ಲ, ಸೀಬೆ ತಾತ ಅಂತ ಓಡಿಹೋಗಿ ಅವರ ಟವೆಲು ಬಿಚ್ಚುತ್ತಿದ್ದಿರಿ. ಅವರು ನಮಗೆ ಏನಾಗಬೇಕಜ್ಜಿ ಅಂತ ನೀವು ಕೇಳಿದಾಗೆಲ್ಲ ನಾನು ಮಾತು ತಿರುಗಿಸಿದ್ದೇನೆ. ನಿಮ್ಮ ತಾತನಿಗೆ ಒದ್ದ ಕುದುರೆಯ ಹಗ್ಗ ಹಿಡಿದಿದ್ದವರು ಅವರು.